ಕರೆಂಟ್ ಸೋರ್ಸ್ ಎಲ್ಲಿಯವರೆಗೆ ಮಾತು ಉಳಿಸಿಕೊಳ್ಳುತ್ತದೆ?

ಮನೆಯಲ್ಲಿ ದೀಪ ಆರಿದರೆ "ಕರೆಂಟ್ ಹೋಯಿತು" ಎನ್ನುತ್ತೇವೆ. ನಿಜವಾಗಿ ಹೋಗಿರುವುದು ವೋಲ್ಟೇಜ್. ಬೆಸ್ಕಾಂ ನಮ್ಮ ಮನೆಗೆ ತಂದುಕೊಡುವುದು 230 ವೋಲ್ಟ್. ಎಷ್ಟು ಆಂಪಿಯರ್ ಹರಿಯಬೇಕು ಎಂಬುದನ್ನು ತೀರ್ಮಾನಿಸುವುದು ನಾವು ಹಾಕಿದ ಗೀಸರ್, ಇಸ್ತ್ರಿಪೆಟ್ಟಿಗೆಗಳು. ಬ್ಯಾಟರಿಯೂ ಹಾಗೆಯೇ, ಗೋಡೆಯ ಸಾಕೆಟ್ಟೂ ಹಾಗೆಯೇ. ಹುಟ್ಟಿದಾಗಿನಿಂದ ಕಣ್ಣಿಗೆ ಬೀಳುವುದೆಲ್ಲ ವೋಲ್ಟೇಜ್ ಸೋರ್ಸ್‌ಗಳೇ ಆಗಿರುವುದರಿಂದ, ಯಾವ ಲೋಡ್ ಹಾಕಿದರೂ ಅಷ್ಟೇ ಕರೆಂಟ್ ಹರಿಸುವ ಸಾಧನವೊಂದು, ಅಂದರೆ ಕರೆಂಟ್ ಸೋರ್ಸ್, ಇರಬಹುದೆಂದು ನಂಬುವುದು ಕಷ್ಟ. ಪಠ್ಯಪುಸ್ತಕದಲ್ಲಿ ವೃತ್ತದೊಳಗೊಂದು ಬಾಣ ಬರೆದು ತೋರಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅದು ಪುಸ್ತಕದಲ್ಲೇ ಉಳಿಯುತ್ತದೆ.

ಪೀಣ್ಯದಲ್ಲಿ ಅಳತೆಯ ಉಪಕರಣಗಳನ್ನು ಮಾಡಿಕೊಡುವ ಸಣ್ಣ ಘಟಕ ನನ್ನದು. ಕಳೆದ ವರ್ಷ ತರಬೇತಿಗೆ ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಆದರ್ಶ ಕರೆಂಟ್ ಸೋರ್ಸ್ ನಿಜವಾಗಿಯೂ ಇದೆಯೇ, ಅಥವಾ ಲೆಕ್ಕ ಮಾಡುವುದಕ್ಕಷ್ಟೇ ಇದೆಯೇ?" ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಆ ಉತ್ತರದಿಂದ ಕೆಲಸ ಮಾಡುವವರಿಗೆ ಏನೂ ಸಿಗುವುದಿಲ್ಲ. ನಾನು ಅದನ್ನು ತಿಳಿದುಕೊಂಡ ಬಗೆಯನ್ನೇ ಇಲ್ಲಿ ಬರೆಯುತ್ತೇನೆ.

ಕರೆಂಟ್ ಸೋರ್ಸ್ ಎಂದರೇನು ಎಂದು ನನಗೆ ಮೊದಲು ಕಲಿಸಿದ್ದು ಭಯ. ಆಗ ನಾನು ಕಾರ್ಖಾನೆಯೊಂದರಲ್ಲಿ ಹೊಸಬ. ಪ್ಯಾನೆಲ್‌ನ ಅಮ್ಮೀಟರ್ ಕೆಟ್ಟಿತ್ತು, ಬಿಚ್ಚಲು ಹೋದೆ. ಆ ಮೀಟರ್ 100/5 ಸಿಟಿಗೆ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ ಸೇರಿತ್ತು. ಆಚೆ ಮೋಟಾರು ಓಡುತ್ತಲೇ ಇತ್ತು. ಸ್ಕ್ರೂ ಸಡಿಲಿಸಿದ್ದೇ ತಡ, ತಂತಿಯ ತುದಿಯಲ್ಲಿ ನೀಲಿ ಕಿಡಿ ಚಿಟಚಿಟ ಎಂದಿತು, ಸಿಟಿಯ ಒಳಗಿನಿಂದ ಗುಂಯ್ ಎಂಬ ಸದ್ದು ಏರಿತು. ಫೋರ್‌ಮನ್ ಓಡಿಬಂದು ಮೋಟಾರು ನಿಲ್ಲಿಸಿದರು. "ಬ್ಯಾಟರಿಯನ್ನು ಶಾರ್ಟ್ ಮಾಡಬಾರದು, ಸಿಟಿಯನ್ನು ಓಪನ್ ಬಿಡಬಾರದು. ಮೊದಲು ಶಾರ್ಟ್ ಮಾಡಿ ಆಮೇಲೆ ಮೀಟರ್ ಬಿಚ್ಚು" ಎಂದರು.

ಆ ಮಾತಿನಲ್ಲಿ ಇಡೀ ವಿಷಯವಿದೆ. ಸಿಟಿಯ ಪ್ರೈಮರಿಯಲ್ಲಿ, ಅಂದರೆ ಮೋಟಾರಿನ ಕಡೆಯ ಸುತ್ತಿನಲ್ಲಿ, ಎಷ್ಟು ಕರೆಂಟ್ ಹರಿಯಬೇಕೆಂದು ಹೇಳುವುದು ಮೋಟಾರು. ಮೀಟರ್ ಕಡೆಯ ಸುತ್ತಾದ ಸೆಕೆಂಡರಿಯ ಮಾತು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಸೆಕೆಂಡರಿಯಲ್ಲಿ ಅದರ ಇಪ್ಪತ್ತನೇ ಒಂದು ಪಾಲು ಹರಿಯಲೇಬೇಕು. ದಾರಿ ಮುಚ್ಚಿದರೆ ದಾರಿ ಮಾಡಿಕೊಳ್ಳಲು ವೋಲ್ಟೇಜ್ ಏರುತ್ತದೆ, ಸಾವಿರಾರು ವೋಲ್ಟ್‌ವರೆಗೂ ಏರಬಹುದು. ಆದರ್ಶ ಕರೆಂಟ್ ಸೋರ್ಸ್ ಆಗಿದ್ದರೆ ಆ ಏರಿಕೆಗೆ ಕೊನೆಯೇ ಇರುತ್ತಿರಲಿಲ್ಲ. ಸಿಟಿಯಲ್ಲಿ ಕೊನೆಯಿದೆ: ಒಳಗಿನ ಕಬ್ಬಿಣದ ಕೋರ್ ಹಿಡಿಯುವಷ್ಟು ಕಾಂತೀಯ ಫ್ಲಕ್ಸ್ ತುಂಬಿಕೊಂಡು ಸ್ಯಾಚುರೇಟ್ ಆದ ಮೇಲೆ ಮುಂದಕ್ಕೆ ಏರಲಾರದು. ಪ್ರತಿಯೊಂದು ಕರೆಂಟ್ ಸೋರ್ಸಿಗೂ ಅದು ಕೈಬಿಡುವ ಒಂದು ಜಾಗವಿರುತ್ತದೆ ಎಂಬುದು ನನಗೆ ಹೊಳೆದದ್ದು ಅಲ್ಲಿ. ಪೀಣ್ಯದ ಮೆಷಿನ್ ಶಾಪ್‌ನವರಿಗೆ ಇದನ್ನು ಹೇಳುವುದು ಸುಲಭ. ತಾರಸಿಯ ಟ್ಯಾಂಕು ವೋಲ್ಟೇಜ್ ಸೋರ್ಸ್, ನಲ್ಲಿ ಮುಚ್ಚಿದರೆ ಅದಕ್ಕೇನೂ ಆಗುವುದಿಲ್ಲ. ಹೈಡ್ರಾಲಿಕ್ ಯಂತ್ರದ ಗೇರ್ ಪಂಪು ಕರೆಂಟ್ ಸೋರ್ಸ್. ಸುತ್ತಿಗಿಷ್ಟು ಎಣ್ಣೆ ನೂಕಿಯೇ ತೀರುತ್ತದೆ. ಅದಕ್ಕೆ ರಿಲೀಫ್ ವಾಲ್ವ್ ಇಲ್ಲದಿದ್ದರೆ ಹೋಸ್ ಸಿಡಿಯುತ್ತದೆ.

ಇನ್ನು ನನ್ನ ಕೈಯಾರೆ ಮಾಡಿದ ಕೆಲಸ. ಮೋಟಾರ್ ರಿವೈಂಡಿಂಗ್ ಮಾಡುವ ಗಿರಾಕಿಯೊಬ್ಬರಿಗೆ ವಾರ್ನಿಷ್ ಒಣಗಿಸುವ ಓವನ್‌ನ ಉಷ್ಣತೆ ಅಳೆಯಬೇಕಿತ್ತು. 130 ಡಿಗ್ರಿ, ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಬಾರದು. ಸೆನ್ಸರ್ ಪಿಟಿ100: ಸೊನ್ನೆ ಡಿಗ್ರಿಯಲ್ಲಿ 100 ಓಮ್, 130 ಡಿಗ್ರಿಯಲ್ಲಿ ಸುಮಾರು 149.8 ಓಮ್. ಓವನ್‌ನಿಂದ ಮೀಟರ್‌ಗೆ 20 ಮೀಟರ್ ದೂರ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ಹೋಗಿಬರುವ 40 ಮೀಟರ್‌ಗೆ ಸುಮಾರು 1.4 ಓಮ್. ಅಷ್ಟಕ್ಕೇ ಮೂರೂಮುಕ್ಕಾಲು ಡಿಗ್ರಿ ತಪ್ಪು! ಸೆನ್ಸರ್ ಮೂಲಕ ನಿಗದಿಯಾದ 1 ಮಿಲಿಆಂಪಿಯರ್ ಹರಿಸಿ, ಅದರ ಎರಡು ತುದಿಯ ವೋಲ್ಟೇಜನ್ನು ಬೇರೆ ಎರಡು ತಂತಿಗಳಲ್ಲಿ ಅಳೆದರೆ ಈ ಕಷ್ಟವೇ ಇಲ್ಲ. ಕರೆಂಟ್ ಸೋರ್ಸಿಗೆ ತಂತಿ ಉದ್ದವಾದರೂ ಒಂದೇ, ಗಿಡ್ಡವಾದರೂ ಒಂದೇ.

ಮೊದಲು ಕೈಗೆ ಸಿಕ್ಕಿದ್ದು ಎಲ್‌ಎಂ317 ಎಂಬ ವೋಲ್ಟೇಜ್ ರೆಗ್ಯುಲೇಟರ್ ಚಿಪ್. ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ ಒಂದು ರೆಸಿಸ್ಟರ್ ಇಟ್ಟರೆ ಸಾಕು, 1.25 ವೋಲ್ಟನ್ನು ಅದರಿಂದ ಭಾಗಿಸಿದಷ್ಟು ಕರೆಂಟ್. ಎಲ್‌ಇಡಿ ಉರಿಸುವುದಕ್ಕೆ, ಬ್ಯಾಟರಿ ಚಾರ್ಜ್ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ 1 ಮಿಲಿಆಂಪಿಯರ್‌ಗೆ ಇದು ಒಗ್ಗುವುದಿಲ್ಲ. ಚಿಪ್ ನೆಟ್ಟಗೆ ನಿಲ್ಲಲು ಕೆಲವು ಮಿಲಿಆಂಪಿಯರ್ ಬೇಕೇ ಬೇಕು. ಜೊತೆಗೆ ಅಡ್ಜಸ್ಟ್ ಕಾಲಿನಿಂದ ಹರಿಯುವ 50 ಮೈಕ್ರೋಆಂಪಿಯರ್ ನೂರಕ್ಕೆ ಐದರಷ್ಟಾಯಿತು. ನನಗೆ ಬೇಕಾದದ್ದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ತಪ್ಪು, ಏಕೆಂದರೆ ಸಾವಿರಕ್ಕೆ ಒಂದು ತಪ್ಪಿದರೂ 130 ಡಿಗ್ರಿಯಲ್ಲಿ 0.4 ಡಿಗ್ರಿ ಹೋಯಿತು.

ಹಾಗಾಗಿ ಆಪ್‌ಆಂಪ್ ಹಿಡಿದೆ, ಅಂದರೆ ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ಬಹಳ ಪಟ್ಟು ಹಿಗ್ಗಿಸುವ ಚಿಪ್. ಒಂದು ಇನ್‌ಪುಟ್‌ಗೆ 2.5 ವೋಲ್ಟ್‌ನ ರೆಫರೆನ್ಸ್. ಇನ್ನೊಂದು ಇನ್‌ಪುಟ್‌ನಿಂದ ನೆಲಕ್ಕೆ 2.5 ಕಿಲೋಓಮ್. ಸೆನ್ಸರ್ ಕೂರುವುದು ಔಟ್‌ಪುಟ್ ಮತ್ತು ಆ ಇನ್‌ಪುಟ್‌ನ ನಡುವೆ. ಆಪ್‌ಆಂಪ್ ತನ್ನ ಎರಡೂ ಇನ್‌ಪುಟ್ ಸಮವಾಗುವವರೆಗೆ ಔಟ್‌ಪುಟನ್ನು ಎತ್ತುತ್ತದೆ, ಇಳಿಸುತ್ತದೆ. ರೆಸಿಸ್ಟರ್ ಮೇಲೆ ಸದಾ 2.5 ವೋಲ್ಟ್ ನಿಂತರೆ ಅದರಲ್ಲಿ ಹರಿಯುವುದು ಸದಾ 1 ಮಿಲಿಆಂಪಿಯರ್, ಅದೇ ಸೆನ್ಸರ್‌ನಲ್ಲೂ.

ಇದು ಆದರ್ಶಕ್ಕೆ ಎಷ್ಟು ಹತ್ತಿರ? ಬೆಲ್ ಲ್ಯಾಬ್ಸ್‌ನ ನಾರ್ಟನ್ 1926ರಲ್ಲಿ ಹೇಳಿಕೊಟ್ಟ ದಾರಿಯಲ್ಲಿ ನಾವು ಯಾವ ನಿಜವಾದ ಸೋರ್ಸನ್ನೂ ಒಂದು ಆದರ್ಶ ಕರೆಂಟ್ ಸೋರ್ಸ್ ಮತ್ತು ಅದರ ಪಕ್ಕಕ್ಕೊಂದು ಪ್ಯಾರಲಲ್ ರೆಸಿಸ್ಟರ್ ಎಂದು ಬರೆಯುತ್ತೇವೆ. ಆ ರೆಸಿಸ್ಟರ್ ದೊಡ್ಡದಾದಷ್ಟೂ ಆದರ್ಶ ಹತ್ತಿರ. ನನ್ನ ಸರ್ಕ್ಯೂಟ್‌ನಲ್ಲಿ ಅದು 2.5 ಕಿಲೋಓಮ್‌ಗೆ ಆಪ್‌ಆಂಪ್‌ನ ಗೇನ್, ಅಂದರೆ ಅದು ಹಿಗ್ಗಿಸುವ ಪಟ್ಟು, ಗುಣಿಸಿದಷ್ಟು. ಗೇನ್ ಒಂದು ಲಕ್ಷವೆಂದರೆ 25 ಕೋಟಿ ಓಮ್. ಅಳೆಯಲು ಮೊದಲು ಲೋಡ್ ಶಾರ್ಟ್ ಮಾಡಿ, ಆಮೇಲೆ 5 ಕಿಲೋಓಮ್ ಇಟ್ಟು, ಎರಡೂ ಸಲ ಕರೆಂಟ್ ಓದಿದೆ. ಲೆಕ್ಕದಂತೆ 20 ನ್ಯಾನೋಆಂಪಿಯರ್ ಇಳಿಯಬೇಕಿತ್ತು. ಇಳಿದದ್ದು ಅದರ ಹಲವು ಪಟ್ಟು, ಅದೂ ನಿಮಿಷಕ್ಕೊಂದು ಅಂಕಿ. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಲೆನ್ಸ್ ಹಿಡಿದು ನೋಡಿದರೆ ಬೆಸುಗೆಯ ಸುತ್ತ ಜೇನಿನ ಬಣ್ಣದ ಫ್ಲಕ್ಸ್, ಅಂದರೆ ಬೆಸುಗೆ ಹಿಡಿಯಲೆಂದು ಹಚ್ಚುವ ಅಂಟು, ಅಂಟಿಕೊಂಡಿತ್ತು. ತೇವ ಹೀರಿದ ಫ್ಲಕ್ಸ್ ಎಂದರೆ ಯಾರೂ ಇಡದ ರೆಸಿಸ್ಟರ್. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಬಿಸಿಗಾಳಿಯಲ್ಲಿ ಒಣಗಿಸಿ ಮತ್ತೆ ಅಳೆದೆ. 50 ನ್ಯಾನೋಆಂಪಿಯರ್‌ಗೆ ಬಂದು ನಿಂತಿತು: 10 ಕೋಟಿ ಓಮ್.

ಈ ಸಂಖ್ಯೆಯ ಅರ್ಥ ಆ ಸಂಜೆ ಕಾಗದದ ಮೇಲೆ ಬಿಡಿಸಿದಾಗ ನನಗೆ ರೋಮಾಂಚನವಾಯಿತು. ಆಪ್‌ಆಂಪ್ ಇಲ್ಲದೆ, ಬರೀ ಬ್ಯಾಟರಿ ಮತ್ತು ದೊಡ್ಡ ರೆಸಿಸ್ಟರ್ ಇಟ್ಟುಕೊಂಡು ಇಷ್ಟೇ ಗಟ್ಟಿಯಾದ 1 ಮಿಲಿಆಂಪಿಯರ್ ಪಡೆಯಬೇಕೆಂದರೆ 10 ಕೋಟಿ ಓಮ್‌ನ ಹಿಂದೆ ಒಂದು ಲಕ್ಷ ವೋಲ್ಟ್ ಬೇಕು. ಪೂರ್ತಿ ಆದರ್ಶ ಬೇಕೆಂದರೆ ವೋಲ್ಟೇಜೂ ಅನಂತ, ರೆಸಿಸ್ಟರ್‌ನಲ್ಲಿ ಸುಡುವ ಶಕ್ತಿಯೂ ಅನಂತ. ಆದರ್ಶ ಸೋರ್ಸನ್ನು ಯಾರೂ ಕಟ್ಟಲಾರರು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಡ. ಆದರೂ ಬೆರಳ ತುದಿಯಷ್ಟು ಚಿಪ್ಪೊಂದು 12 ವೋಲ್ಟ್ ಸಪ್ಲೈನಲ್ಲಿ ನಿಂತು ತಾನು ಲಕ್ಷ ವೋಲ್ಟ್‌ನ ಹಿಂದಿದ್ದೇನೆಂಬಂತೆ ನಡೆದುಕೊಳ್ಳುತ್ತದೆ. ಔಟ್‌ಪುಟನ್ನು ಇನ್‌ಪುಟ್‌ಗೆ ಮರಳಿಸಿ ತಿದ್ದಿಕೊಳ್ಳುವ ಈ ಫೀಡ್‌ಬ್ಯಾಕ್‌ನ ಬಗ್ಗೆ ನನಗಿರುವ ಗೌರವ ಆ ದಿನ ಹುಟ್ಟಿದ್ದು, ಇನ್ನೂ ತಗ್ಗಿಲ್ಲ.

ಆದರೆ ಈ ನಡವಳಿಕೆ ನಿಧಾನವಾಗಿ ಬದಲಾಗುವ ಲೋಡ್‌ಗಳಿಗೆ ಮಾತ್ರ. ಸಾಧಾರಣ ಆಪ್‌ಆಂಪ್‌ನ ಗೇನ್ 10 ಕಿಲೋಹರ್ಟ್ಸ್‌ನಲ್ಲಿ ನೂರಕ್ಕೆ ಇಳಿದಿರುತ್ತದೆ. ಕೋಟಿಗಳ ಜಾಗದಲ್ಲಿ ಆಗ ಉಳಿಯುವುದು ಎರಡೂವರೆ ಲಕ್ಷ ಓಮ್.

ಕೊನೆಗೆ ಗಿರಾಕಿಗೆ ಕೊಟ್ಟ ಪೆಟ್ಟಿಗೆಯಲ್ಲಿ ಇನ್ನೊಂದು ಬದಲಾವಣೆ ಮಾಡಿದೆ. ಸೆನ್ಸರ್‌ನ ಸಾಲಿನಲ್ಲೇ ನಂಬಿಕಸ್ಥ 100 ಓಮ್ ರೆಸಿಸ್ಟರ್ ಇಟ್ಟು, ಎರಡರ ವೋಲ್ಟೇಜನ್ನೂ ಅಳೆದು ಭಾಗಿಸಿದೆ. ಎರಡರಲ್ಲೂ ಹರಿಯುವುದು ಅದೇ ಕರೆಂಟ್ ಆದ್ದರಿಂದ ಅದು 1 ಮಿಲಿಆಂಪಿಯರ್ ಇರಲಿ, 0.98 ಇರಲಿ, ಉತ್ತರ ಬದಲಾಗದು. ತಿಂಗಳುಗಟ್ಟಲೆ ಕರೆಂಟನ್ನು ತಿದ್ದಿದ ಮೇಲೆ ಹೊಳೆದ ದಾರಿ ಇದು. ತಿದ್ದಿದ್ದು ವ್ಯರ್ಥವೆಂದು ನನಗೆ ಅನ್ನಿಸಿಲ್ಲ. ಎರಡರಲ್ಲೂ ಒಂದೇ ಕರೆಂಟ್ ಹರಿಯಬೇಕಾದರೆ ಆ ಫ್ಲಕ್ಸ್ ತೊಳೆಯಲೇಬೇಕಿತ್ತು.

ಆ ಹುಡುಗಿಗೆ ನಾನು ಇಷ್ಟನ್ನೂ ಹೇಳಲಿಲ್ಲ. ಹಳೆಯ ಬೋರ್ಡನ್ನು ಮುಂದಿಟ್ಟು, ಒಂದು ಹಿಡಿ ರೆಸಿಸ್ಟರ್ ಕೊಟ್ಟು, "ನೀನೇ ಹಾಕಿ ನೋಡಮ್ಮ" ಎಂದೆ. 1 ಕಿಲೋಓಮ್ ಹಾಕಿದಳು, 1.000. 5 ಕಿಲೋಓಮ್, 1.000. "ಇದೆಯಲ್ಲ ಸರ್!" ಎಂದು ತಲೆ ಎತ್ತಿದಳು. 10 ಕಿಲೋಓಮ್ ಹಾಕುತ್ತಿದ್ದಂತೆ ಮೀಟರ್ 0.84ಕ್ಕೆ ಬಿತ್ತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಔಟ್‌ಪುಟ್ ಅಳೆದಳು, 10.5 ವೋಲ್ಟ್, ಅದಕ್ಕಿಂತ ಮೇಲೆ ಆಪ್‌ಆಂಪ್ ಏರಲಾರದು, ಅದರಲ್ಲಿ ರೆಸಿಸ್ಟರ್‌ನ 2.5 ಕಳೆದಳು. ಮಾರ್ಕರ್ ತೆಗೆದುಕೊಂಡು ಬೋರ್ಡಿನ ಮೂಲೆಯಲ್ಲಿ "1 ಮಿ.ಆಂ., 8 ವೋಲ್ಟ್‌ವರೆಗೆ" ಎಂದು ಬರೆದಳು.