ದಾಲ್‌ಮಿಲ್ ಪಗಾರದ ಲೆಕ್ಕ: ನಾನು ಕಲಿಯುತ್ತಿರುವ ರೀತಿ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಕೆಲವು ದಾಲ್‌ಮಿಲ್‌ಗಳ ಪಗಾರ, ಪಿಎಫ್, ಇಎಸ್‌ಐ ಕೆಲಸ ನನ್ನದು. ಬಿಕಾಂ ಓದುವಾಗ ಇದನ್ನು ಯಾರೂ ಕಲಿಸಲಿಲ್ಲ. ನಿಯಮಗಳೋ, ಸುಮ್ನೆ ಕೂರುವುದೇ ಇಲ್ಲ. ಆನ್‌ಲೈನ್ ಕೋರ್ಸು ಸೇರಿ ನೋಡಿದೆ. ಕೆಟ್ಟದ್ದೇನಲ್ಲ, ಆದರೆ ಅಲ್ಲಿನ ಉದಾಹರಣೆಗಳೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯವು. ನನ್ನ ರಿಜಿಸ್ಟರಿನಲ್ಲಿರುವುದು ಮಷೀನ್ ಆಪರೇಟರು, ವಾಚ್‌ಮನ್, ಗುಮಾಸ್ತರು.

ಆಮೇಲೆ ಎಕ್ಸೆಲ್‌ನಲ್ಲಿ ಮೂವರು ಸುಳ್ಳು ನೌಕರರನ್ನು ಮಾಡಿಕೊಂಡೆ. ಒಬ್ಬನ ಪಗಾರ 14,000, ಇನ್ನೊಬ್ಬನದು 24,900, ಮತ್ತೊಬ್ಬನದು ಲಕ್ಷದ ಮೇಲೆ. ಯಾವ ಆದೇಶ ಬಂದರೂ ವಾಟ್ಸಾಪ್ ಫಾರ್ವರ್ಡ್ ನಂಬದೆ ಮೂಲ ಓದಿ, ಈ ಮೂವರ ಲೆಕ್ಕ ಮತ್ತೆ ಹಾಕುತ್ತೇನೆ. 24,900 ಯಾಕೆ ಅಂದರೆ, ನಮ್ಮ ರಾಜ್ಯದಲ್ಲಿ 25,000 ಮುಟ್ಟಿದರೆ ವೃತ್ತಿ ತೆರಿಗೆ ಶುರು. ಸ್ವಲ್ಪ ಓಟಿ ಸೇರಿದರೆ ಗಡಿ ದಾಟಿತು. ತಿಂಗಳಿಗೆ 200, 2025ರ ಏಪ್ರಿಲ್‌ನಲ್ಲಿ ಬಂದ ಬದಲಾವಣೆಯ ಪ್ರಕಾರ ಫೆಬ್ರವರಿಗೆ ಮಾತ್ರ 300. ಕಡಿತ ಸಾಫ್ಟ್‌ವೇರ್ ಮಾಡುತ್ತದೆ, ಸರಿ. ನೂರು ರೂಪಾಯಿ ಯಾಕೆ ಕಡಿಮೆ ಅಂತ ಕೇಳಿದರೆ ಹೇಳಬೇಕಾದವನು ನಾನೇ ಅಲ್ವಾ?

ಪಿಂಚಣಿ ಮಾತ್ರ ಮೂವರು ಸುಳ್ಳು ನೌಕರರಿಂದ ಕಲಿಯಲು ಆಗಲಿಲ್ಲ. ಅದಕ್ಕೆ ನಿಜವಾದ ಮನುಷ್ಯರೇ ಬೇಕಾಯಿತು. ಪಿಎಫ್ ಇಲಾಖೆಯವರು ಪ್ರತಿ ತಿಂಗಳ 27ಕ್ಕೆ ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತಾರೆ. ನನ್ನ ಕೆಲಸ ಇಲ್ಲದಿದ್ದರೂ ಹೋಗಿ ಕೂರುತ್ತೇನೆ. ಬೇರೆಯವರ ತಕರಾರು ಕೇಳಿದಷ್ಟು ಪಾಠ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಸರ್ವಿಸ್‌ನ ಪೂರ್ತಿ ವರ್ಷಗಳನ್ನು ಎಣಿಸಿದ ಮೇಲೆ ಆರು ತಿಂಗಳೋ ಜಾಸ್ತಿಯೋ ಉಳಿದರೆ ಅದನ್ನೂ ಒಂದು ಪೂರ್ತಿ ವರ್ಷವೆಂದೇ ಹಿಡಿಯುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಅಲ್ಲೇ.

ಅದು ಕೆಲಸಕ್ಕೆ ಬಂದದ್ದು ಒಬ್ಬ ಆಪರೇಟರ್ ಕಾಕಾ 58 ತುಂಬಿ ಕೆಲಸ ಬಿಟ್ಟಾಗ. “ಹತ್ತು ವರ್ಷ ಆಗಿಲ್ಲಂತ್ರಿ ಸರ್, ಪಿಂಚಣಿ ರೊಕ್ಕ ಒಮ್ಮಿಗೇ ತೆಗಸಿ ಕೊಡ್ರಿ” ಅಂದರು. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು. ಇಲ್ಲದಿದ್ದರೆ ಒಮ್ಮೆಗೇ ಹಣ ತೆಗೆಯಲು ಫಾರ್ಮ್ 10ಸಿ. ಅದನ್ನು ಯಾರೋ ತುಂಬಿಯೂ ಕೊಟ್ಟಿದ್ದರು.

“ತಡೀರಿ ಕಾಕಾ, ನೋಡೋಣ” ಅಂದೆ. ಪಾಸ್‌ಬುಕ್ ತೆರೆದರೆ ಎರಡು ಮಿಲ್ಲಿನ ಎರಡು ಖಾತೆ. ಹಳೆಯದು ವರ್ಗಾವಣೆಯೇ ಆಗಿರಲಿಲ್ಲ. ಎರಡನ್ನೂ ಕೂಡಿಸಿ, ಪಗಾರವಿಲ್ಲದ ಎನ್‌ಸಿಪಿ ದಿನ ಕಳೆದರೆ 9 ವರ್ಷ 7 ತಿಂಗಳು ಉಳಿಯಿತು. ಅಂದರೆ ಹತ್ತು. 10ಸಿ ಅಲ್ಲ, ತುಂಬಬೇಕಾದದ್ದು ತಿಂಗಳ ಪಿಂಚಣಿ ಕೇಳುವ 10ಡಿ. ಕೊನೆಯ 60 ತಿಂಗಳ ಸರಾಸರಿ ಪಗಾರ 12,000. ಅದನ್ನು 10ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 1,714 ರೂಪಾಯಿ. ಕಾಕಾ ಕಾಲವಾದರೆ ಕಾಕಿಗೂ ಪಿಂಚಣಿ ಉಂಟು. ಮೊದಲು ಖಾತೆ ವರ್ಗಾಯಿಸಿ, ಆಮೇಲೆ ಅರ್ಜಿ ಹಾಕಿದೆವು. ಈಗ ಯಾರೇ ಹೊಸದಾಗಿ ಸೇರಿದರೂ ಹಳೆ ಮಿಲ್ಲಿನ ಖಾತೆ ವರ್ಗವಾಗಿದೆಯೇ ಅಂತ ಮೊದಲ ದಿನವೇ ನೋಡುತ್ತೇನೆ.

ಓದಿಗೆ ಸಮಯ ಯಾವಾಗ? ತೊಗರಿ ಬರುವ ದಿನಗಳಲ್ಲಿ ಸಾಧ್ಯವೇ ಇಲ್ಲ. ಏಪ್ರಿಲ್, ಮೇನಲ್ಲಿ ಪಗಾರದಿಂದ ಹಿಡಿದ ಆದಾಯ ತೆರಿಗೆಯ ರಿಟರ್ನ್ 24ಕ್ಯೂ, ಜೂನ್ 15ರೊಳಗೆ ಫಾರ್ಮ್ 16. ಅದು ಮುಗಿದರೆ ಜುಲೈ ನನ್ನದು. ಈ ಸಲದ ಪಾಠ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು. 20,000 ಪಗಾರದಲ್ಲಿ ಭತ್ಯೆಗಳೇ 12,000 ಇದ್ದರೆ, ಅರ್ಧಕ್ಕಿಂತ ಜಾಸ್ತಿ ಇರುವ 2,000 ಮತ್ತೆ ವೇತನಕ್ಕೆ ಸೇರುತ್ತದೆ. ಗ್ರಾಚ್ಯುಟಿ ಲೆಕ್ಕ 8,000ದ ಮೇಲಲ್ಲ, 10,000ದ ಮೇಲೆ. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ. ಹಾಗಾಗಿ ನನ್ನ ಎಕ್ಸೆಲ್‌ಗೆ ನಾಲ್ಕನೆಯ ನೌಕರನೊಬ್ಬ ಸೇರಿದ್ದಾನೆ.