ಮುತ್ತಿಗೆಗೆ ಸಿಕ್ಕ ಕೋಟೆಗೆ ಪುರಾಣ ಕಟ್ಟುವ ಬಗೆ

ಕಲ್ಪನಾಲೋಕದ ರೋಲ್‌ಪ್ಲೇ ಆಟಕ್ಕಾಗಿ (ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟ) ಕೋಟೆಯೊಂದನ್ನು ರೂಪಿಸುವಾಗ ನಾವು ಸಾಮಾನ್ಯವಾಗಿ ನಕ್ಷೆ, ಬುರುಜು, ದಂಡಿನ ಲೆಕ್ಕ ಎಲ್ಲವನ್ನೂ ಮುಗಿಸಿ, ಕೊನೆಗೆ ಸುಣ್ಣ ಬಳಿದಂತೆ ಒಂದಿಷ್ಟು ಪುರಾಣವನ್ನು ಹಚ್ಚುತ್ತೇವೆ. ಅಂಥ ಪುರಾಣ ಆಟಗಾರರ ನೆನಪಿನಲ್ಲಿ ನಿಲ್ಲುವುದಿಲ್ಲ. ಮುತ್ತಿಗೆಯ ಕಥೆಯಲ್ಲಿ ಪುರಾಣವು ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಈ ಕೋಟೆ ಇಲ್ಲಿಯವರೆಗೆ ಏಕೆ ಬಿದ್ದಿಲ್ಲ, ಮತ್ತು ಬೀಳುವುದಾದರೆ ಯಾವ ಕಡೆಯಿಂದ ಬೀಳುತ್ತದೆ?

ಇದಕ್ಕೆ ಚಿತ್ರದುರ್ಗಕ್ಕಿಂತ ಒಳ್ಳೆಯ ಪಾಠ ನಮಗೆ ಬೇಕಿಲ್ಲ. ಏಳು ಸುತ್ತಿನ ಆ ಕೋಟೆಯಲ್ಲಿ ಪಾಳೆಯಗಾರರಿಗಿಂತ ಹಿಂದಿನ ಪದರವೊಂದಿದೆ. ಹಿಡಿಂಬಾಸುರ ಆ ಬೆಟ್ಟದಲ್ಲಿದ್ದ, ಭೀಮ ಅವನನ್ನು ಕೊಂದ ಎಂಬುದು ಸ್ಥಳೀಯ ಐತಿಹ್ಯ. ಹಿಡಿಂಬೇಶ್ವರನ ಗುಡಿ ಇಂದಿಗೂ ಅಲ್ಲಿದೆ. ನಿಮ್ಮ ಕೋಟೆಗೂ ಮೊದಲು ಬೆಟ್ಟದ ಕಥೆಯನ್ನು ಬರೆಯಿರಿ, ಆಮೇಲೆ ಕಟ್ಟಿದವರ ಕಥೆಯನ್ನು. ಬಂಡೆಗೆ ಮನುಷ್ಯರಿಗಿಂತ ಹಳೆಯ ಒಡೆಯನೊಬ್ಬನಿದ್ದರೆ, ಅವನಿಗೆ ಏನು ಕೊಟ್ಟು ನೆಲ ಪಡೆದರು, ಆ ಋಣ ತೀರಿದೆಯೇ ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ, ಮತ್ತು ತೀರದ ಋಣವು ಮುತ್ತಿಗೆಯ ಮೂರನೆಯ ತಿಂಗಳಲ್ಲಿ ನಿಮ್ಮ ಕೈಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದಾಗಿ, ಪ್ರತಿಯೊಂದು ಐತಿಹ್ಯವನ್ನೂ ಕೈಗೆ ಸಿಗುವ ಒಂದು ಜಾಗಕ್ಕೆ ಕಟ್ಟಿಹಾಕಿ. ಓಬವ್ವನ ಕಥೆಯನ್ನೇ ನೋಡಿ. ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಾರೆ. ಕಾವಲುಗಾರ ಊಟಕ್ಕೆ ಕುಳಿತಿದ್ದಾನೆ. ನೀರಿಗೆಂದು ಹೋದ ಹೆಂಡತಿ ಅದನ್ನು ಕಂಡು ಒನಕೆ ಹಿಡಿದು ನಿಲ್ಲುತ್ತಾಳೆ. ಕೋಟೆಯ ಬಲಹೀನ ಜಾಗ, ನೀರಿನ ಹಾದಿ, ಕಾವಲಿನ ಹೊತ್ತು, ಇವೆಲ್ಲವೂ ಆ ಒಂದೇ ಕಥೆಯಲ್ಲಿ ಅಡಗಿವೆ. ಕಥೆಯನ್ನು ಬಲ್ಲವನು ಅರ್ಧ ನಕ್ಷೆಯನ್ನು ಬಲ್ಲವನೇ. ಆಯುಧವೂ ಅಡುಗೆಮನೆಯದು. (ಮಂತ್ರದ ಖಡ್ಗಗಳನ್ನು ಹಂಚುವ ಚಟವಿರುವ, ಆಟ ನಡೆಸಿಕೊಡುವ ಗೇಮ್ ಮಾಸ್ಟರ್‌ಗಳು ಇದನ್ನು ಸ್ವಲ್ಪ ಯೋಚಿಸಬೇಕು.)

ನೀರಿನ ವಿಷಯದಲ್ಲಿ ಜಿಪುಣತನ ಬೇಡ. ಬೆಟ್ಟದ ಕೋಟೆ ಉಳಿಯುವುದೂ ಅಳಿಯುವುದೂ ನೀರಿನಿಂದ, ಆದ್ದರಿಂದ ನಿಮ್ಮ ಅತ್ಯಂತ ಗಟ್ಟಿಯಾದ ಐತಿಹ್ಯ ಹೊಂಡದ ದಡದಲ್ಲಿರಲಿ. ಉದಾಹರಣೆಗೆ, ಹೊಂಡದ ದೇವಿಯು ಸುಳ್ಳು ಆಣೆ ಮಾಡಿದವನ ಕೊಡಕ್ಕೆ ನೀರು ಕೊಡುವುದಿಲ್ಲ ಎಂದು ಒಳಗಿನವರು ನಂಬಿದ್ದಾರೆ ಎನ್ನೋಣ. ನೀರು ಇಳಿಯತೊಡಗಿದ ದಿನ ಮಳೆಯ ಲೆಕ್ಕ ಹಾಕುವ ಬದಲು ಜನರು ದ್ರೋಹಿಯನ್ನು ಹುಡುಕತೊಡಗುತ್ತಾರೆ, ಮತ್ತು ಆಟಗಾರರಲ್ಲಿ ಒಬ್ಬನು ನಿಜಕ್ಕೂ ಸುಳ್ಳಾಣೆ ಮಾಡಿದ್ದರೆ ಆ ರಾತ್ರಿಯ ಆಟಕ್ಕೆ ಡೈಸ್ ಉರುಳಿಸುವ ಅಗತ್ಯವೇ ಬರುವುದಿಲ್ಲ. ದೇವಿ ನಿಜವೋ ಅಲ್ಲವೋ ಎಂಬುದನ್ನು ನೀವು ಮನಸ್ಸಿನಲ್ಲಿ ನಿರ್ಧರಿಸಿಕೊಳ್ಳಿ, ಬಾಯಿಬಿಟ್ಟು ಹೇಳಬೇಡಿ.

ಹೊರಗೆ ಬೀಡುಬಿಟ್ಟವರಿಗೂ ಬೆಟ್ಟದ ಅದೇ ಕಥೆಯ ಇನ್ನೊಂದು ರೂಪ ಇರಬೇಕು. ಬೆಟ್ಟದ ಅಸುರ ಅವರಿಗೆ ಮೂಲಪುರುಷನಾಗಿದ್ದರೆ, ಮುತ್ತಿಗೆ ಅವರ ಪಾಲಿಗೆ ತವರಿನ ನೆಲವನ್ನು ಮರಳಿ ಕೇಳುವ ಹಕ್ಕಾಗುತ್ತದೆ. ಈ ಎರಡನೆಯ ರೂಪವನ್ನು ಸೆರೆಸಿಕ್ಕ ಸೈನಿಕನೊಬ್ಬನ ಬಾಯಿಂದ, ಆಟ ಅರ್ಧ ದಾಟಿದ ಮೇಲೆ ಹೇಳಿಸಿ. ಉಳಿದದ್ದನ್ನು ಜಾತ್ರೆಯ ಪದ್ಧತಿ, ಬಾಗಿಲಿನ ಹೆಸರು, ಮುದುಕಿಯರ ಬೈಗುಳ ಇವುಗಳಲ್ಲಿ ಹರಡಿ; ಎರಡು ಪುಟದ ಸ್ಥಳಪುರಾಣವನ್ನು ಮೇಜಿನ ಮುಂದೆ ಓದಿದರೆ ಯಾರೂ ಕೇಳುವುದಿಲ್ಲ.

ಕೋಟೆ ಬಿದ್ದರೂ ಚಿಂತೆಯಿಲ್ಲ. ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತು, ಕೊನೆಯ ಮದಕರಿ ನಾಯಕ ಸೆರೆಯಾದ, ಆದರೆ ಜನ ಇಂದಿಗೂ ಕೇಳಿಕೊಂಡು ಹೋಗಿ ನೋಡುವುದು ಓಬವ್ವನ ಕಿಂಡಿಯನ್ನು. ನಿಮ್ಮ ಆಟಗಾರರು ಯಾವ ಬಾಗಿಲಲ್ಲಿ ನಿಂತು ಕಾದಿದರು ಎಂಬುದನ್ನು ಬರೆದಿಟ್ಟುಕೊಳ್ಳಿ. ನೂರು ವರ್ಷ ಮುಂದಿನ ಕಾಲದ ಕಥೆಯಿರುವ ಮತ್ತೊಂದು ಆಟದಲ್ಲಿ ಆ ಬಾಗಿಲನ್ನು ಅವರ ಹೆಸರಿನಿಂದಲೇ, ಸ್ವಲ್ಪ ತಪ್ಪಾಗಿ, ಯಾರಾದರೂ ಕರೆಯಲಿ.