ಚೊಗರು ಹಿಡಿದ ಹಲ್ಲಿಗೆ ಯಾವ ವೆನೀರ್?

ಬೇಯಿಸಿದ ಅಡಿಕೆಗೆ ಕೆಂಪು ಕೊಡುವ ರಸ ಚೊಗರು. ಅದರ ಗುಣ ಕವಳದಲ್ಲೂ, ಅಂದರೆ ಎಲೆಯಡಿಕೆಯಲ್ಲೂ ಇದೆ. ದಿನಕ್ಕೆ ನಾಲ್ಕು ಸಲ ಬಾಯಿಗೆ ಬಿದ್ದರೆ ಹಲ್ಲೂ ಕೆಂಪಡಿಕೆಯ ಬಣ್ಣಕ್ಕೆ ತಿರುಗುತ್ತದೆ. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಮಗಳ ಮದುವೆ ಹತ್ತಿರ ಬಂದಾಗ ಶಿವಮೊಗ್ಗದ ಬಸ್ಸು ಹತ್ತಿ, ನೇರವಾಗಿ ‘ವೆನೀರ್ ಹಾಕಿ’ ಎಂದು ದಂತವೈದ್ಯರನ್ನು ಕೇಳುವುದುಂಟು. ವೆನೀರ್ ಎಂದರೆ ಹಲ್ಲಿನ ಎದುರು ಮೈಗೆ ಅಂಟಿಸುವ, ಉಗುರಿನಷ್ಟು ತೆಳ್ಳಗಿನ ಹೊದಿಕೆ. ಅದಕ್ಕಾಗಿ ಒಮ್ಮೆ ಉಜ್ಜಿ ತೆಗೆದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಯಾವ ಬಗೆ ಎಂದು ಕೇಳುವ ಮೊದಲು ಬೇಕೋ ಬೇಡವೋ ಎಂದು ನೋಡಬೇಕು.

ಮೊದಲು ಕ್ಲೀನಿಂಗ್

ಕವಳ, ಕಾಫಿ, ಬೀಡಿಯ ಕಲೆ ಹೊರಮೈಯದು. ಕ್ಲೀನಿಂಗ್, ಪಾಲಿಶ್‌ನಲ್ಲೇ ಬಹುಪಾಲು ಹೋಗುತ್ತದೆ. ಉಳಿದ ಹಳದಿಗೆ ಬ್ಲೀಚಿಂಗ್ ಸಾಕಾಗಬಹುದು. ಬ್ಲೀಚಿಂಗ್ ಆದ ಮೇಲೆ ಎರಡು ವಾರ ಏನನ್ನೂ ಅಂಟಿಸಬಾರದು. ಹಲ್ಲಿನೊಳಗೆ ಉಳಿದ ಆಮ್ಲಜನಕ ಅಂಟನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಚಿಕ್ಕಂದಿನಲ್ಲಿ ನುಂಗಿದ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯ ಬೂದು ಪಟ್ಟೆ, ಪೆಟ್ಟು ಬಿದ್ದು ಕಪ್ಪಾದ ಹಲ್ಲು, ಮುರಿದ ಮೂಲೆ, ಹಲ್ಲಿನ ನಡುವಿನ ಸಂದು: ವೆನೀರಿನ ಮಾತು ಬರುವುದು ಇಂಥವಕ್ಕೆ.

ಕವಳ ಹಾಕುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯೊಳಗೆ ಹೋಗುತ್ತವೆಯೇ? ಹೋಗದಿದ್ದರೆ, ಖಾರ ತಿಂದರೆ ಕೆನ್ನೆಯೊಳಗೆ ಉರಿ ಏಳುತ್ತಿದ್ದರೆ, ಚಂದದ ಕೆಲಸ ಬದಿಗಿರಲಿ. ಅದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರ ಬಿಗಿದುಕೊಳ್ಳುವ ಕಾಯಿಲೆ ಇರಬಹುದು. ಮೊದಲು ಅದನ್ನು ತೋರಿಸಬೇಕು.

ಕಚ್ಚುವ ಬಗೆ

ಬಾಚಿಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿದ್ದರೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿರಬಹುದು. ಮೇಲಿನ, ಕೆಳಗಿನ ಹಲ್ಲುಗಳ ತುದಿಗೆ ತುದಿ ತಾಗುವವರಿಗೂ ವೆನೀರಿನ ಅಂಚು ಬೇಗ ಹಾರುತ್ತದೆ. ಅರ್ಧಕ್ಕಿಂತ ಹೆಚ್ಚು ಹಲ್ಲು ಫಿಲ್ಲಿಂಗೇ ಆಗಿದ್ದರೆ ಕ್ಯಾಪ್ ಮೇಲು. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ.

ಬಗೆಗಳು

ಕಾಂಪೋಸಿಟ್ ಅನ್ನು ವೈದ್ಯರು ಬಾಯಿಯಲ್ಲೇ ಪದರಪದರವಾಗಿ ಕಟ್ಟಿ, ನೀಲಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಹೆಚ್ಚಾಗಿ ಒಂದೇ ಸಲದ ಭೇಟಿ, ಉಜ್ಜುವುದು ಕಡಿಮೆ, ಮುರಿದರೆ ಅಲ್ಲೇ ತೇಪೆ. ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬಾಳುತ್ತದೆ. ಆದರೆ ಅದು ಪ್ಲಾಸ್ಟಿಕ್ ಜಾತಿಯದು. ಅರಿಸಿನ, ಕಾಫಿ, ಕವಳ ಎಲ್ಲವನ್ನೂ ಹೀರುತ್ತದೆ. ಹಲ್ಲಿನ ಮೂಲೆ ಮುರಿದ ಕಾಲೇಜು ಹುಡುಗನಿಗೆ ಇದೇ ಸರಿ. ಕವಳ ಬಿಡದವರಿಗೆ ಹಾಕಿದರೆ ದುಡ್ಡು ದಂಡ.

ಫೆಲ್ಡ್‌ಸ್ಪಾರ್ ಪೋರ್ಸಲೇನ್ (ಪಿಂಗಾಣಿ) 0.3ರಿಂದ 0.5 ಮಿ.ಮೀ. ದಪ್ಪ, ಲ್ಯಾಬಿನವರ ಕೈಕೆಲಸ. ನಿಜವಾದ ಹಲ್ಲಿನ ಹೊಳಪು ಇದಕ್ಕೇ ಬರುವುದು. ಕೆಳಗೆ ಎನಾಮಲ್ ಇದ್ದರೆ ಮಾತ್ರ ನಿಲ್ಲುತ್ತದೆ, ಕಪ್ಪು ಹಲ್ಲನ್ನು ಮುಚ್ಚುವುದಿಲ್ಲ.

ಲಿಥಿಯಂ ಡೈಸಿಲಿಕೇಟ್ ಎಂಬ ಗಾಜಿನಂಥ ಸೆರಾಮಿಕ್ 0.5ರಿಂದ 0.7 ಮಿ.ಮೀ. ದಪ್ಪ ಬೇಡುತ್ತದೆ. ಬಾಗುವ ಒತ್ತಡವನ್ನು ಫೆಲ್ಡ್‌ಸ್ಪಾರ್ ತಡೆಯುವುದು ಸುಮಾರು 100 ಮೆಗಾಪಾಸ್ಕಲ್‌ವರೆಗೆ. ಲಿಥಿಯಂ ಡೈಸಿಲಿಕೇಟ್ 400ರ ಆಸುಪಾಸು. ಹತ್ತು ಹದಿನೈದು ವರ್ಷದ ಲೆಕ್ಕ ಹಾಕುವವರಿಗೆ ನಮ್ಮ ಮೊದಲ ಆಯ್ಕೆ ಇದು. ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ ಇದಕ್ಕಿಂತಲೂ ಗಟ್ಟಿ, ಕಪ್ಪನ್ನೂ ಮುಚ್ಚುತ್ತದೆ. ಆದರೆ ಆಸಿಡ್‌ಗೆ ಅದರ ಮೈ ಅಂಟು ಹಿಡಿಯುವಷ್ಟು ಒರಟಾಗುವುದಿಲ್ಲವಾದ್ದರಿಂದ ಅಂಟಿಸುವುದೇ ಕಷ್ಟ. ಉಜ್ಜದೇ ಅಂಟಿಸುವ ವೆನೀರ್ ಚಿಕ್ಕ ಹಲ್ಲಿಗೋ ಒಳಸರಿದ ಹಲ್ಲಿಗೋ ಸರಿ. ಬೇರೆಯವರಿಗೆ ಹಲ್ಲು ಉಬ್ಬಿ, ವಸಡಿನ ಬುಡದಲ್ಲಿ ಕೊಳೆ ಕೂರುತ್ತದೆ.

ಚೀಟಿಯಲ್ಲಿ ಬರೀ ‘ಸೆರಾಮಿಕ್’ ಎಂದಿದ್ದರೆ ಯಾವುದೆಂದು ತಿಳಿಯದು. ವಸ್ತುವಿನ ಹೆಸರು ಬರೆಸಿಕೊಳ್ಳಿ.

ಉಜ್ಜುವ ಮುನ್ನ

ಅಚ್ಚಿನ ಮೇಲೆ ಮೇಣದಲ್ಲಿ ಆಕಾರ ಕಟ್ಟಿಸಿ, ಅದರ ತಾತ್ಕಾಲಿಕ ಮಾದರಿಯನ್ನು ಬಾಯಿಯಲ್ಲಿ ಕೂರಿಸಿ ನೋಡಬೇಕು. ‘ವ’, ‘ಸ’ ಹೇಳಿ ನೋಡಿ. ಹಲ್ಲು ಉದ್ದವಾದರೆ ತುಟಿಗೆ ತಡೆಯುತ್ತದೆ. ಆ ಮಾದರಿಯ ಮೇಲಿಂದಲೇ ಅಳತೆ ಹಿಡಿದು ಉಜ್ಜಿದರೆ ಬೇಕಾದಷ್ಟೇ ಹೋಗುತ್ತದೆ. ವಸಡಿನ ಬಳಿ ಎನಾಮಲ್ ಅರ್ಧ ಮಿ.ಮೀ. ಕೂಡ ಇರುವುದಿಲ್ಲ, ಅಲ್ಲಿ ಕೈ ಆಳಕ್ಕೆ ಹೋದರೆ ಡೆಂಟಿನ್ (ಎನಾಮಲಿನ ಕೆಳಗಿನ ಪದರ) ಬಯಲಾಗಿ ಜುಂ ಎನ್ನುತ್ತದೆ, ಅಂಟೂ ಸಡಿಲ.

ಬಣ್ಣವನ್ನು ಕೆಲಸ ಶುರುವಾಗುವ ಮೊದಲೇ, ಹಲ್ಲು ಒದ್ದೆಯಿರುವಾಗ, ಕಿಟಕಿ ಬೆಳಕಿನಲ್ಲಿ ಆರಿಸಬೇಕು. ಒಣಗಿದ ಹಲ್ಲು ಬಿಳಿಚಿಕೊಂಡು ಮೋಸ ಮಾಡುತ್ತದೆ. ಆಷಾಢದ ಜಡಿಮಳೆಯಲ್ಲಿ ಸಂಜೆ ನಾಲ್ಕಕ್ಕೆ ಈ ಕೆಲಸ ಬೇಡ, ನಡುಹಗಲೇ ಹೋಗಿ. ಒಂದೇ ಹಲ್ಲಿಗೆ ವೆನೀರ್ ಆದರೆ ಪಕ್ಕದ್ದಕ್ಕೆ ಹೊಂದಿಸುವುದು ಆರು ಹಲ್ಲು ಮಾಡುವುದಕ್ಕಿಂತ ಕಷ್ಟ.

ಅಂಟಿಸುವ ದಿನ

ಅಂಟು ಹಿಡಿಯುವಂತೆ ಮೈ ಒರಟಾಗಲು ಹಲ್ಲಿಗೆ 37% ಫಾಸ್ಫಾರಿಕ್ ಆಸಿಡ್ 15ರಿಂದ 30 ಸೆಕೆಂಡು. ಲಿಥಿಯಂ ಡೈಸಿಲಿಕೇಟಿನ ಒಳಮೈಗೆ 5% ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡು, ಇದು ಬಾಯಿಯ ಹೊರಗೇ. ಆಮೇಲೆ ಸೆರಾಮಿಕ್‌ಗೆ ಅಂಟು ಕೂಡಿಸುವ ಸೈಲೇನ್ ದ್ರವ, ರೆಸಿನ್ ಸಿಮೆಂಟ್ ಎಂಬ ಅಂಟು, ಅದು ಗಟ್ಟಿಯಾಗಲು ಬೆಳಕು. ನಡುವೆ ಎಂಜಲು ತಾಗಿದರೆ ಮತ್ತೆ ಮೊದಲಿಂದ. ವಾರಗಳಲ್ಲೇ ಕಳಚುವ ವೆನೀರಿಗೆ ಹೆಚ್ಚಿನ ಸಲ ಕಾರಣ ಈ ತೇವ, ಇಲ್ಲವೇ ಡೆಂಟಿನ್.

ಪೋರ್ಸಲೇನ್ ಕಲೆ ಹಿಡಿಯದಿದ್ದರೂ ಅದರ ಅಂಚಿನ ಸಿಮೆಂಟ್ ಗೆರೆ ಹಿಡಿಯುತ್ತದೆ. ಬಾಚಿಹಲ್ಲಿನಲ್ಲಿ ಅಡಿಕೆ ಒಡೆಯುವುದು, ಕಬ್ಬು ಸಿಗಿಯುವುದು ಬಿಡಬೇಕು. ಇದ್ದಿಲು, ಬೂದಿಯಲ್ಲಿ ತಿಕ್ಕಿದರೆ ಹೊಳಪು ಹೋಗುತ್ತದೆ. ಹಲ್ಲು ಕಡಿಯುವವರಿಗೆ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) ಕಡ್ಡಾಯ. ಮುಂದೆ ಯಾರಾದರೂ ಫ್ಲೋರೈಡ್ ಜೆಲ್ ಹಚ್ಚಲು ಬಂದರೆ ವೆನೀರ್ ಇದೆ ಎಂದು ಹೇಳಿ. ಆಮ್ಲೀಯ ಜೆಲ್ ಪೋರ್ಸಲೇನ್ ಮೈಯನ್ನು ತಿನ್ನುತ್ತದೆ. ಇಡಿಯಾಗಿ ಕಳಚಿ ಬಿದ್ದರೆ ಡಬ್ಬಿಯಲ್ಲಿಟ್ಟು ತನ್ನಿ, ಮತ್ತೆ ಕೂರಿಸಲು ಸಾಧ್ಯ. ಫೆವಿಕ್ವಿಕ್ ಮಾತ್ರ ಹಚ್ಚಬೇಡಿ.